ಸಾಲ ಕೈ ಬದಲಾಯಿತು, ಸಾಲಗಾರ ಮರೆಯಾದ

2008ರ ಸೆಪ್ಟೆಂಬರ್ 15ರಂದು ಅಮೆರಿಕದ ಲೇಮನ್ ಬ್ರದರ್ಸ್ ದಿವಾಳಿಯಾಯಿತು. ಆ ಕುಸಿತದ ಬೇರನ್ನು ಹುಡುಕುವ ಚಿತ್ರ ಆಡಂ ಮೆಕೇ ನಿರ್ದೇಶನದ ‘ದಿ ಬಿಗ್ ಶಾರ್ಟ್’ (2015). ಮೈಕೆಲ್ ಲೂಯಿಸ್‌ರ ಪುಸ್ತಕವನ್ನು ಆಧರಿಸಿದ ಇದರ ಚಿತ್ರಕಥೆಗೆ ಆಸ್ಕರ್ ಸಿಕ್ಕಿತು. ಮನೆಸಾಲಗಳನ್ನು ಒಟ್ಟುಗೂಡಿಸಿ ಮಾರುವ ವ್ಯವಹಾರವನ್ನು ಇಷ್ಟು ಸರಳವಾಗಿ ತಿಳಿಸಿದ ಚಿತ್ರ ಅಪರೂಪ. ಆದರೆ ಜಮಖಂಡಿ, ಮುಧೋಳಗಳ ಕಡೆಯಿಂದ ನೋಡಿದರೆ ಅದರಲ್ಲೊಂದು ಕೊರತೆ ಎದ್ದು ಕಾಣುತ್ತದೆ.

ಮೊದಲು ವ್ಯವಹಾರವೇನೆಂದು ನೋಡೋಣ. ಮುಧೋಳದ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಪ್ರತಿ ರೈತನ ಕಬ್ಬನ್ನು ಬೇರೆ ಬೇರೆಯಾಗಿ ತೂಗುತ್ತಾರೆ. ಅರೆದ ಮೇಲೆ ಯಾರ ರಸ ಯಾವುದೆಂದು ಹೇಳಲಾಗದು. ಸಾವಿರಾರು ಮನೆಸಾಲಗಳ ಕಥೆಯೂ ಅಷ್ಟೇ. ಸಾಲ ಕೊಟ್ಟ ಸಂಸ್ಥೆ ಅವನ್ನು ಒಂದು ಟ್ರಸ್ಟಿಗೆ ಮಾರುತ್ತದೆ. ಟ್ರಸ್ಟ್ ಅವುಗಳ ಆಧಾರದಲ್ಲಿ ಪತ್ರಗಳನ್ನು ಹೊರಡಿಸುತ್ತದೆ. ಆ ಪತ್ರ ಕೊಂಡವರಿಗೆ ಸಾಲಗಾರರು ಕಟ್ಟುವ ಕಂತೇ ಆದಾಯ. ಪತ್ರಗಳಲ್ಲೂ ಮೇಲುಕೀಳುಂಟು. ಕಾಲುವೆಯ ನೀರಿನಂತೆ ಹಣ ಮೊದಲು ಮೇಲಿನವರಿಗೆ ಹರಿಯುತ್ತದೆ. ಕಂತುಗಳು ತಪ್ಪಿದರೆ ಮೊದಲು ಒಣಗುವುದು ಕೊನೆಯ ಹೊಲ.

ಅಮೆರಿಕದಲ್ಲಿ ಆ ಕೊನೆಯ ಹೊಲದ ಪತ್ರಗಳನ್ನೇ ಮತ್ತೆ ಕಟ್ಟುಮಾಡಿ ಅತ್ಯುತ್ತಮ ದರ್ಜೆ ಕೊಟ್ಟು ಮಾರಿದರು. ಮಾರಾಟವಾಗದ ಹಳೆಯ ಮೀನನ್ನು ಸಾರಿಗೆ ಹಾಕಿ ಹೊಸ ಅಡುಗೆಯೆಂದು ಬಡಿಸುವ ಬಾಣಸಿಗನ ಮೂಲಕ ಚಿತ್ರ ಇದನ್ನು ಸೊಗಸಾಗಿ ವಿವರಿಸುತ್ತದೆ.

ಆದರೆ ಚಿತ್ರದ ನಾಯಕರು ಯಾರು? ಕುಸಿತದ ಮೇಲೆ ಪಣ ಕಟ್ಟಿ ಗೆದ್ದವರು. ಮಾಲೀಕ ಕಂತು ಕಟ್ಟದ ತಪ್ಪಿಗೆ ಬೀದಿಗೆ ಬೀಳುವ ಬಾಡಿಗೆದಾರನ ಕುಟುಂಬಕ್ಕೆ ಸಿಗುವುದು ಕೆಲವೇ ಕ್ಷಣ. ರಬಕವಿ-ಬನಹಟ್ಟಿಯಲ್ಲಿ ಅದೆಷ್ಟೋ ನೇಕಾರರಿಗೆ ಮಗ್ಗವಿರುವುದು ಮನೆಯೊಳಗೇ. ಅಲ್ಲಿ ಮನೆ ಹೋದರೆ ಅನ್ನವೂ ಹೋಯಿತು. ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟ ಬೀಳಗಿ ಭಾಗದವರಿಗೆ ಮನೆ ಕಾಗದದ ಲೆಕ್ಕವಾಗುವ ಸಂಕಟ ಗೊತ್ತು.

ಈ ವ್ಯವಹಾರ ನಮ್ಮಲ್ಲೂ ಇದೆ. 2000ದಲ್ಲೇ ರಾಷ್ಟ್ರೀಯ ವಸತಿ ಬ್ಯಾಂಕಿನ ಮೂಲಕ ಇದು ಆರಂಭವಾಯಿತು. 2025ರ ಮೇ ತಿಂಗಳಲ್ಲಿ ಎಲ್‌ಐಸಿ ಹೌಸಿಂಗ್ ಫೈನಾನ್ಸ್‌ನ ಮನೆಸಾಲಗಳನ್ನು ಆಧರಿಸಿದ 1000 ಕೋಟಿ ರೂಪಾಯಿಯ ಪತ್ರಗಳು ಷೇರುಪೇಟೆಯಲ್ಲಿ ನೋಂದಣಿಯಾದವು. ಕಿರುಸಾಲಗಳನ್ನೂ ಹೀಗೆ ಮಾರಲಾಗುತ್ತದೆ. ಬಲವಂತದ ವಸೂಲಿ ತಡೆಯಲು ರಾಜ್ಯ ಸರಕಾರ 2025ರಲ್ಲಿ ಸುಗ್ರೀವಾಜ್ಞೆ ಹೊರಡಿಸಬೇಕಾಯಿತೆಂಬುದನ್ನು ಮರೆಯುವಂತಿಲ್ಲ.

ಇದೆಲ್ಲ ಮೋಸವೆಂದು ನಾವು ಹೇಳುವುದಿಲ್ಲ. ಹೀಗೆ ಬಂದ ಹಣದಿಂದ ಇನ್ನೊಬ್ಬರಿಗೆ ಮನೆಸಾಲ ಸಿಗುತ್ತದೆ. ಬಡ್ಡಿಯ ಧಾರ್ಮಿಕ ಚರ್ಚೆಯನ್ನು ಬದಿಗಿಟ್ಟರೂ, ಲಾಭ ಬಯಸುವವನು ನಷ್ಟದಲ್ಲೂ ಪಾಲುಗೊಳ್ಳಬೇಕೆಂಬ ನ್ಯಾಯ ಎಲ್ಲರೂ ಒಪ್ಪುವಂಥದ್ದು. ಮನೆಸಾಲ ಮಾರುವ ಸಂಸ್ಥೆ ಕನಿಷ್ಠ ಶೇ. 5ರಷ್ಟು ಪಾಲನ್ನು ತನ್ನಲ್ಲೇ ಉಳಿಸಿಕೊಳ್ಳಬೇಕೆಂಬ ರಿಸರ್ವ್ ಬ್ಯಾಂಕಿನ 2021ರ ನಿಯಮದಲ್ಲಿ ಈ ನ್ಯಾಯದ ಛಾಯೆಯಿದೆ. ಆದರೆ ಅದು ಹೂಡಿಕೆದಾರನನ್ನು ಕಾಯುವ ನಿಯಮ. ಸಾಲ ಮಾರಿದ ಮೇಲೂ ಕಂತು ವಸೂಲಿಗೆ ಸಾಮಾನ್ಯವಾಗಿ ಹಳೆಯ ಸಂಸ್ಥೆಯೇ ಬರುತ್ತದೆ. ಹಾಗಾಗಿ ತನ್ನ ಸಾಲ ಕೈ ಬದಲಾಯಿಸಿದ್ದು ಸಾಲಗಾರನಿಗೆ ಅರಿವಾಗುವುದೇ ಕಷ್ಟ. ಕಷ್ಟಕಾಲದಲ್ಲಿ ಆತ ಯಾರ ಬಳಿ ಅವಧಿ ಕೇಳಬೇಕು? ಚಿತ್ರ ಕೇಳದೆ ಬಿಟ್ಟ ಈ ಪ್ರಶ್ನೆಯನ್ನು ನಾವು ಕೇಳಲೇಬೇಕು.