ಸ್ಟಂಪಿನ ಹಿಂದೆ ಜಾಗವಿಲ್ಲದ ಶಿಬಿರ

ಜಯನಗರ, ಜೆ.ಪಿ. ನಗರ, ಬನಶಂಕರಿಗಳಲ್ಲಿ ಬೇಸಿಗೆ ಬಂತೆಂದರೆ ಕ್ರಿಕೆಟ್ ಶಿಬಿರಗಳಿಗೆ ಬರವಿಲ್ಲ. ಆದರೆ ಅಲ್ಲಿ ತೀರಾ ಕಡಿಮೆ ಕಲಿಸುವ ವಿದ್ಯೆ ವಿಕೆಟ್‌ಕೀಪಿಂಗ್. ಕೋಚ್‌ಗಳನ್ನು ಬೈದು ಫಲವಿಲ್ಲ, ದೋಷ ನೆಟ್ಸ್‌ನಲ್ಲೇ ಇದೆ. ಸ್ಟಂಪಿನ ಬೆನ್ನಿಗೇ ಬಲೆ ಇಳಿಬಿದ್ದಿರುತ್ತದೆ. ಕೀಪರ್ ಕೂರಲು ಜಾಗವೆಲ್ಲಿ? ಗ್ಲೌಸ್ ತೊಟ್ಟ ಹುಡುಗ ಪಕ್ಕದಲ್ಲಿ ನಿಂತು, ಕೋಚ್ ಎಸೆದ ನಾಲ್ಕಾರು ಕ್ಯಾಚ್ ಹಿಡಿದು, ಪ್ಯಾಡ್ ಕಟ್ಟಿಕೊಂಡು ಬ್ಯಾಟಿಂಗ್ ಸರದಿಗೆ ಓಡುತ್ತಾನೆ.

ಇಂಥ ಕ್ಯಾಚ್‌ಗಳಿಂದ ಕೈ ಪಳಗೀತು, ಕಣ್ಣು ಪಳಗದು. ಸ್ಪಿನ್ನರ್ ಬೌಲ್ ಮಾಡುವಾಗ ಸ್ಟಂಪಿಗೆ ಅಂಟಿಕೊಂಡು ಕೂತವನಿಗೆ ಚೆಂಡು ಕೊನೆಯ ಗಳಿಗೆಯಲ್ಲಿ ಬ್ಯಾಟು, ಪ್ಯಾಡುಗಳ ಮರೆಗೆ ಹೋಗುತ್ತದೆ. ಪ್ರತಿ ಚೆಂಡೂ ತನ್ನ ಕೈಗೇ ಬರುತ್ತದೆಂದು ನಂಬಿ ಕಾದವನು ಮಾತ್ರ ಹಿಡಿಯಬಲ್ಲ. ಚೆಂಡು ಪುಟಿಯುವವರೆಗೆ ಕುಕ್ಕರುಗಾಲಿನಲ್ಲೇ ಇದ್ದು, ಪುಟಿದಾಗ ಅದರ ಜೊತೆಗೇ ಏಳಬೇಕು. ಬೆರಳು ನೆಲದತ್ತ, ಎರಡೂ ಕಿರುಬೆರಳು ಜೋಡಿ. ಚೆಂಡು ತಾಗಿದೊಡನೆ ಅಂಗೈ ತುಸು ಹಿಂದೆ ಸರಿಯಬೇಕು. ಬೇಗ ಎದ್ದವನ ಕೈ ಮೇಲಿನಿಂದ ಬಡಿಯುತ್ತದೆ, ಚೆಂಡು ಸಿಡಿದು ಹೋಗುತ್ತದೆ. ಬೇಸ್‌ಬಾಲ್ ಕ್ಯಾಚರ್‌ನ ಗ್ಲೌಸಿನಲ್ಲಿ ಚೆಂಡು ಹುದುಗುವಷ್ಟು ಆಳದ ಗುಳಿಯಿದೆ. ಕ್ರಿಕೆಟ್ ನಿಯಮವೋ ಹೆಬ್ಬೆರಳು, ತೋರುಬೆರಳುಗಳ ನಡುವೆ ಬಿಟ್ಟು ಬೇರೆಲ್ಲೂ ಜಾಲರಿಯನ್ನು ಒಪ್ಪದು. ಇಲ್ಲಿ ಕೈಯೇ ಮೆತ್ತಗಿರಬೇಕು.

ನಮ್ಮೂರಿನ ಸೈಯದ್ ಕಿರ್ಮಾನಿ ಹುಡುಗನಾಗಿದ್ದಾಗ ಗ್ಲೌಸಿಲ್ಲದೆ ಇಟ್ಟಿಗೆ ಹಿಡಿದು ಕೀಪಿಂಗ್ ಮಾಡಿದ ಕಥೆಯನ್ನು ಛಲದ ಪಾಠವೆಂದು ಹೇಳುವುದುಂಟು. ಆದರೆ 88 ಟೆಸ್ಟ್‌ಗಳ 160 ಕ್ಯಾಚ್, 38 ಸ್ಟಂಪಿಂಗ್‌ಗಳನ್ನು ಛಲವೊಂದೇ ಕೊಡಲಿಲ್ಲ. ಕರ್ನಾಟಕ ತಂಡದಲ್ಲಿ ಸ್ಪಿನ್ನರ್‌ಗಳಾದ ಪ್ರಸನ್ನ, ಚಂದ್ರಶೇಖರ್ ಇದ್ದರು. ಮಧ್ಯಮ ವೇಗಿಯಷ್ಟು ಬಿರುಸಾಗಿ ಬರುತ್ತಿದ್ದ ಚಂದ್ರ ಅವರ ಗೂಗ್ಲಿಗೆ ವರ್ಷಗಟ್ಟಲೆ ಕೂತೆದ್ದವರಿಗೆ ಬೇರೆ ಶಾಲೆ ಬೇಕಿರಲಿಲ್ಲ.

ಹಾಗೆಂದು ಬರಿದಲೆಯ ಆ ಕಾಲವನ್ನು ಮಕ್ಕಳ ಮೇಲೆ ಹೇರಬಾರದು. 2000ರಲ್ಲಿ ಢಾಕಾದಲ್ಲಿ ಅನಿಲ್ ಕುಂಬ್ಳೆ ಎಸೆದ ಚೆಂಡು ಕಣ್ಣಿಗೆ ಬಡಿದ ಮೇಲೆ ಭಾರತದ ಕೀಪರ್ ಸಬಾ ಕರೀಂ ಆಟ ಬಹುತೇಕ ಮುಗಿದೇಹೋಯಿತು. ಪಳಗಿದ ಕೀಪರ್‌ನ ಗತಿಯೇ ಅದಾದರೆ, ಹನ್ನೆರಡರ ಹುಡುಗನಿಗೆ ಹೆಲ್ಮೆಟ್ ಕಡ್ಡಾಯವಾಗಬೇಡವೇ?

ಪರಿಹಾರಕ್ಕೆ ದುಡ್ಡು ಸುರಿಯಬೇಕಿಲ್ಲ. ಒಂದು ನೆಟ್‌ನಲ್ಲಾದರೂ ಸ್ಟಂಪನ್ನು ನಾಲ್ಕು ಹೆಜ್ಜೆ ಮುಂದೆ ನೆಟ್ಟು, ಸ್ಪಿನ್ನರ್‌ಗಳ ಸರದಿ ಪೂರ್ತಿ ಕೀಪರ್‌ನನ್ನು ಕೂರಿಸಿ. ಬ್ಯಾಟು ಬೀಸುವವನು ನಡುನಡುವೆ ಬೇಕೆಂದೇ ಚೆಂಡು ತಪ್ಪಿಸಲಿ. ಆಯ್ಕೆಗಾರರು ನೋಡುವುದು ರನ್ನನ್ನೇ ಎಂಬ ಅಪ್ಪ ಅಮ್ಮಂದಿರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಕೈಬಿಟ್ಟ ಸ್ಟಂಪಿಂಗ್‌ಗೆ ತಂಡ ತೆರುವ ದಂಡವೂ ರನ್ನೇ.