ಸತ್ತ ಚಂದ್ರಾಗೆ ಕಣ್ಣೀರು, ಬದುಕಿದವಳಿಗೆ?

ಪುಟ್ಟಣ್ಣ ಕಣಗಾಲರ 'ಗೆಜ್ಜೆ ಪೂಜೆ' (1969) ನೋಡಿ ಅಳದವರು ಕಡಿಮೆ. ಎಂ.ಕೆ. ಇಂದಿರಾ ಅವರ ಕಾದಂಬರಿ, ಕಲ್ಪನಾ ಅವರ ಅಭಿನಯ. ವೇಶ್ಯೆಯ ಮನೆಯಲ್ಲಿ ಬೆಳೆದ ಚಂದ್ರಾಗೆ ಬೇಕಿದ್ದದ್ದು ಒಂದು ತಾಳಿ, ಒಂದು ಸಂಸಾರ. ಸಿಕ್ಕಿದ್ದು ಗೆಜ್ಜೆ. ಕೊನೆಗೆ ಸಾಯುತ್ತಾಳೆ. ಒಂದು ಹುಡುಗಿಯ ಬಾಯಲ್ಲಿ 'ಹೂಂ' ಅನ್ನಿಸೋಕೆ ಮನೆ, ಊರು ಎಲ್ಲ ಸೇರಿ ಹೇಗೆ ಹಿಂಡ್ತವೆ ಅನ್ನೋದನ್ನ ಇಷ್ಟು ಚೆನ್ನಾಗಿ ತೋರಿಸಿದ ಸಿನಿಮಾ ಅಪರೂಪ.

ನನ್ನ ತಕರಾರು ಆ ಸಾವಿನ ಬಗ್ಗೆ. ಚಂದ್ರಾ ಸತ್ತಿದ್ದಕ್ಕೆ ಅಳೋದು ಸುಲಭ. ಗೆಜ್ಜೆ ಕಟ್ಟಿಸಿಕೊಂಡು, ಮರುದಿನವೂ ಎದ್ದು ಅನ್ನ ಬೇಯಿಸಬೇಕಾದವಳಿಗೆ ಸಿನಿಮಾದಲ್ಲಿ ಜಾಗ ಎಲ್ಲಿದೆ?

ವೇಶ್ಯಾವೃತ್ತಿ ಕೆಲಸವೋ ಹಿಂಸೆಯೋ ಅನ್ನೋ ಜಗಳದಲ್ಲೂ ಇದೇ ತೊಂದರೆ. ಒಬ್ಬರಿಗೆ ಕಳಂಕವಿಲ್ಲದ ಬಲಿಪಶು ಬೇಕು. ಇನ್ನೊಬ್ಬರಿಗೆ ಪೂರ್ತಿ ಸ್ವಂತ ಇಚ್ಛೆಯಿಂದ ಬಂದವಳು ಬೇಕು. ದೇವದಾಸಿ ಬಿಡುವುದನ್ನ ಕರ್ನಾಟಕ 1982ರ ಕಾಯ್ದೆಯಲ್ಲೇ ನಿಷೇಧಿಸಿತು. ಸರಿಯಾಗೇ ಮಾಡಿತು. ಬಾಲ್ಯದಲ್ಲೇ ಮುತ್ತು ಕಟ್ಟಿಸಿಕೊಂಡವಳು ಯಾವ ಆಫರ್ ಲೆಟರ್‌ಗೂ ಸಹಿ ಹಾಕಿರಲಿಲ್ಲ. ನಾವು ಐಟಿಯವರು ನೋಟಿಸ್ ಪೀರಿಯಡ್ ಮುಗಿಸಿ ಹೊರಡ್ತೀವಿ. ಬಿಟ್ಟು ಹೋಗೋಕೆ ಆಗದ್ದನ್ನ ಕೆಲಸ ಅನ್ನೋದು ಹೇಗೆ?

ಆದರೆ ಹಿಂಸೆ ಅಂತ ಹೆಸರಿಟ್ಟು ಕೈ ತೊಳಕೊಂಡರೂ ಸಾಲದು. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆ ಪ್ರಕಾರ ಹದಿನೆಂಟು ದಾಟಿದ ಮಗ ಗೊತ್ತಿದ್ದೂ ತಾಯಿಯ ಈ ಸಂಪಾದನೆಯಲ್ಲಿ ಬದುಕಿದರೆ ಅವನೂ ಅಪರಾಧಿ. ಇದು ಯಾರ ರಕ್ಷಣೆ? ಈ ವೃತ್ತಿಯಲ್ಲಿದ್ದವಳಿಗೂ ಘನತೆಯ ಬದುಕಿನ ಹಕ್ಕಿದೆ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2022ರ ಮೇ ತಿಂಗಳಲ್ಲಿ.

ಕನ್ನಡ ಪತ್ರಿಕೆಗಳ ಪದವನ್ನೇ ನೋಡಿ: 'ಲೈಂಗಿಕ ಕಾರ್ಯಕರ್ತೆ'. ನಮ್ಮ ಸಂತೆಮರಹಳ್ಳಿ ಕಡೆ ಕಾರ್ಯಕರ್ತೆ ಅಂದ್ರೆ ಅಂಗನವಾಡಿಯವರು, ಆಶಾದವರು. ದುಡಿಮೆ ಪೂರ್ತಿ, ಆದರೆ ಕೈಗೆ ಬರೋದು ಸಂಬಳವಲ್ಲ, ಗೌರವಧನ. ಅವರನ್ನೇ ಕಾರ್ಮಿಕರು ಅಂತ ಒಪ್ಪದ ನಾವು ಇವರಿಗೂ ಅದೇ ಪದ ಅಂಟಿಸಿದ್ದೀವಿ. ಸಭ್ಯವಾದ ಪದ, ಹಕ್ಕು ಮಾತ್ರ ಇಲ್ಲ.

ನಾನಂತೂ ಎರಡೇ ಪ್ರಶ್ನೆ ಕೇಳ್ತೀನಿ. ಏಟು ತಿಂದ ರಾತ್ರಿ ಅವಳು ಹೆದರದೆ ಸ್ಟೇಷನ್ ಮೆಟ್ಟಿಲು ಹತ್ತಬಹುದಾ? ನಾಳೆಯಿಂದ ಬೇಡ ಅಂದರೆ ಉಣ್ಣೋಕೆ ಬೇರೆ ದಾರಿ ಇದೆಯಾ? 'ಗೆಜ್ಜೆ ಪೂಜೆ' ಈ ಎರಡನ್ನೂ ಕೇಳೋದಿಲ್ಲ. ಚಂದ್ರಾಗೆ ಅದು ಕೊಟ್ಟಿದ್ದು ಎರಡೇ ಬಾಗಿಲು, ಮದುವೆ ಇಲ್ಲವೇ ಮರಣ.