ಬೀಳಗಿಯ ಕಂಠ, ಮುಂಬಯಿಯ ಮೈಕು

ಕಂಠದಾನ ಕಲಿಯಬೇಕು ಎಂದು ಹುರುಪಿನಿಂದ ಬರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಕೇಳಿಸುವುದು ಒಂದೇ ಸಿನಿಮಾದ ಎರಡು ಹಾಡು. ಸಿನಿಮಾ 1943ರ ಹಿಂದಿಯ ‘ಕಿಸ್ಮತ್’. ಸಂಗೀತ ಅನಿಲ್ ಬಿಸ್ವಾಸ್, ಸಾಹಿತ್ಯ ಪ್ರದೀಪ್. ತೆರೆಯ ಮೇಲೆ ತುಟಿ ಆಡಿಸುವವರು ಮುಮ್ತಾಜ್ ಶಾಂತಿ, ದನಿ ಮಾತ್ರ ನಮ್ಮ ಬೀಳಗಿಯ ಅಮೀರಬಾಯಿ ಕರ್ನಾಟಕಿ ಅವರದು.

ಮೊದಲನೆಯದು ಖಾನ್ ಮಸ್ತಾನಾ ಅವರೊಡನೆ ಹಾಡಿದ ದೇಶಭಕ್ತಿಯ ಹಾಡು. ಕಥೆಯಲ್ಲಿ ಅದು ರಂಗಮಂಚದ ಮೇಲೆ ನಡೆಯುತ್ತದೆ. ಬಾಯಲ್ಲಿ ಜರ್ಮನಿ, ಜಪಾನಿನ ಹೆಸರು. ಆದರೆ ಹಾಡು ತೊಲಗು ಎಂದದ್ದು ಯಾರಿಗೆ ಎಂದು, ಬ್ರಿಟಿಷರ ವಿರುದ್ಧದ ಕ್ವಿಟ್ ಇಂಡಿಯಾ ಚಳವಳಿಯ ಕಾವು ಆರದಿದ್ದ ಜನಕ್ಕೆ ಬಿಡಿಸಿ ಹೇಳಬೇಕಿರಲಿಲ್ಲ. ಅಮೀರಬಾಯಿ ಇಲ್ಲಿ ದನಿಯನ್ನು ನೆಟ್ಟಗೆ ನಿಲ್ಲಿಸುತ್ತಾರೆ. ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ, ಗುಂಡಗೆ, ಕಟ್ಟಕಡೆಯ ಸಾಲಿನಲ್ಲಿ ಕೂತವನನ್ನೂ ಮುಟ್ಟುತ್ತದೆ. ಇದು ನಾಟಕದವರ ಗಂಟಲು. ಬೀಳಗಿ, ಮುಧೋಳ, ಜಮಖಂಡಿಯ ಕಡೆ ಶ್ರೀಕೃಷ್ಣ ಪಾರಿಜಾತದ ಬಯಲಾಟ ಕಂಡವರಿಗೆ ಈ ಗಂಟಲಿನ ಪರಿಚಯ ಉಂಟು: ಬಯಲಲ್ಲಿ, ರಾತ್ರಿಯಿಡೀ, ಸತ್ಯಭಾಮೆಯ ಮುನಿಸು ಊರಿಗೇ ಕೇಳಿಸಬೇಕು.

ಇನ್ನೊಂದು, ಮೋಡಕ್ಕೆ ಸದ್ದು ಮಾಡಬೇಡವೆಂದು ಬೇಡಿಕೊಳ್ಳುವ ಜೋಗುಳ. ಅದೇ ಗಂಟಲು, ಅದೇ ಸಿನಿಮಾ. ಆದರೆ ಕೇಳುವವರು ಈಗ ಕೈಯಳತೆಯಲ್ಲಿ ಮಲಗಿದ್ದಾರೆ. ದೀರ್ಘ ಸ್ವರ ಬಂದಲ್ಲಿ ಒತ್ತಿ ಎಳೆಯದೆ, ಹಗುರಾಗಿ ಕೈಬಿಡುತ್ತಾರೆ. ಮೂಗಿನ ಸಣ್ಣ ನಾದವೊಂದು ಅವರ ದನಿಯಲ್ಲಿ ಯಾವಾಗಲೂ ಇರುತ್ತದೆ. ಇಲ್ಲಿ ಅದೇ ಮುದ್ದಾಗುತ್ತದೆ. ದನಿ ಇಳಿದಿದೆ, ಮಾತು ಮಾತ್ರ ಎಲ್ಲಿಯೂ ಮಸುಕಾಗಿಲ್ಲ. ಮೆಲ್ಲಗೆ ಆಡುವುದೆಂದರೆ ಗೊಣಗುವುದು ಎಂದುಕೊಂಡವರು ಇದನ್ನು ಮತ್ತೆ ಮತ್ತೆ ಕೇಳಬೇಕು. ಕೇಳುವವರು ಎಷ್ಟು ದೂರದಲ್ಲಿದ್ದಾರೆ ಎಂಬುದನ್ನು ಕಂಠ ತಾನೇ ಅಳೆದುಕೊಳ್ಳುವುದು ಎಷ್ಟು ಚೆಂದ!

ಆ ಕಾಲದ ಧ್ವನಿಮುದ್ರಣವನ್ನೂ ನೆನೆಯಬೇಕು. ವಾದ್ಯದವರು, ಹಾಡುವವರು ಎಲ್ಲ ಒಟ್ಟಿಗೆ. ಕೊನೆಯ ಸಾಲಿನಲ್ಲಿ ಒಂದು ಉಸಿರು ತಪ್ಪಿದರೂ ಮತ್ತೆ ಮೊದಲಿಂದ. ಈಗಿನವರು ವಾಕ್ಯಕ್ಕೊಂದು ಸಲ ನಿಲ್ಲಿಸಿ, ಕತ್ತರಿಸಿ, ಅಂಟಿಸಬಹುದು. ಅದರಿಂದ ಕೆಲಸ ಸಲೀಸಾಗಿದೆ, ನಿಜ. ಆದರೆ ಒಂದು ಪುಟವನ್ನು ಒಂದೇ ಓಟದಲ್ಲಿ ಓದುವ ರೂಢಿ ಇದ್ದವರ ದನಿಗೆ ಬರುವ ಹರಿವು ಅಂಟಿಸಿದ ದನಿಗೆ ಬಾರದು.

ಮನೆಯಲ್ಲಿ ಅಭ್ಯಾಸಕ್ಕೆ ಸಲಕರಣೆಯ ಚಿಂತೆ ಬೇಡ. ಮೊಬೈಲು ಸಾಕು. ಬರೀ ಗೋಡೆಯ ಕೋಣೆ ಮಾರ್ದನಿ ಕೊಡುತ್ತದೆ. ಮನೆಯ ಎರಡು ದಪ್ಪ ಕೌದಿಗಳನ್ನು ಹಿಂದೆ, ಪಕ್ಕಕ್ಕೆ ತೂಗುಬಿಟ್ಟರೆ ಅದು ಅಡಗುತ್ತದೆ. ಮೈಕು ಬಾಯಿಂದ ಒಂದು ಗೇಣು ದೂರ, ತುಸು ಓರೆಯಾಗಿ ಇರಲಿ, ಪ, ಫ, ಭ ಬಂದಾಗ ಉಸಿರು ನೇರ ಬಡಿಯುವುದಿಲ್ಲ. ಊರಿನ ಮಾತಿನ ಧಾಟಿಯನ್ನು ಒರೆಸಿ ಹಾಕಬೇಡಿ, ಅದು ನಿಮ್ಮ ಆಸ್ತಿ. ಕನ್ನಡಕ್ಕೆ ಡಬ್ಬಿಂಗು ದಶಕಗಳ ನಂತರ 2017ರಲ್ಲಿ ಮತ್ತೆ ಶುರುವಾಗಿದೆ. ಪರಭಾಷೆಯ ಕಥೆಯೊಳಗಿನ ಅಜ್ಜಿಗೆ, ಪೋಲೀಸಿಗೆ, ಕೂಸಿಗೆ ಒಂದೇ ಊರಿನ ಕನ್ನಡ ಸಾಲದು.

1934ರ ‘ವಿಷ್ಣುಭಕ್ತಿ’ಯಲ್ಲಿ ಅಮೀರಬಾಯಿ ನಟಿಯಾಗಿ ತೆರೆಗೆ ಬಂದವರು. ಅಕ್ಕ ಗೋಹರಬಾಯಿಯೂ ನಟಿಯೇ. ಮುಖ ತೋರಿಸಿಯೇ ಶುರುಮಾಡಿದವರು ಆಮೇಲೆ ಬೇರೆಯವರ ಮುಖಕ್ಕೆ ಇಷ್ಟು ಹೊಂದುವಂತೆ ಹಾಡಿದರಲ್ಲ, ಅಭಿನಯ ಪೂರ್ತಿ ಕಂಠಕ್ಕೆ ಇಳಿದುಬಿಟ್ಟಿದೆ ಅನಿಸುತ್ತದೆ. ‘ಕಿಸ್ಮತ್’ ಕೇಳಿ ಮುಗಿಸಿದವರು ಮರುವರ್ಷದ, ನೌಷಾದ್ ಸಂಗೀತದ ‘ರತನ್’ಗೆ ಬನ್ನಿ. ಅಲ್ಲಿ ಅಗಲಿಕೆಯನ್ನು ಅವರು ಹೇಗೆ ಹಾಡಿದ್ದಾರೆ ಎಂಬುದಕ್ಕೆ ಇನ್ನೊಂದು ಸಂಜೆ ಬೇಕು.